ಸತ್ತೂ ಸಾಯದ ಆ ಮೂರು ವೋಲ್ಟ್

ಕಂಪ್ಯೂಟರ್ ಮೊಂಡು ಹಿಡಿದರೆ ಸಾಫ್ಟ್‌ವೇರ್‌ನವರ ಬಾಯಲ್ಲಿ ಬರುವ ಮೊದಲ ಮಾತು ‘ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ’. ಊರಿಗೆ ಹೋದಾಗ, ಮದುವೆ ಮನೆಗಳಲ್ಲಿ ಇದೇ ಮಾತು ಹೇಳಿ ನಮ್ಮನ್ನು ಗೇಲಿ ಮಾಡುವವರಿದ್ದಾರೆ. ಬೇಸರವೇನಿಲ್ಲ. ಹತ್ತರಲ್ಲಿ ಒಂಬತ್ತು ಸಲ ಆ ಮದ್ದು ಕೆಲಸ ಮಾಡುತ್ತದೆ. ಈ ಬರಹ ಆ ಹತ್ತನೆಯ ಸಲದ ಬಗ್ಗೆ. ಆಫ್ ಮಾಡಿ ಆನ್ ಮಾಡಿದ ಮೇಲೂ, ಕೆಲವೊಮ್ಮೆ ಹಾಗೆ ಮಾಡಿದ್ದರಿಂದಲೇ, ಯಂತ್ರದ ಬುದ್ಧಿ ಕೆಡುವುದರ ಬಗ್ಗೆ.

‘ಆಫ್’ ಅಂದರೆ ಎಷ್ಟು ಆಫ್? ಸ್ವಿಚ್ ಒತ್ತಿದ ಕೂಡಲೇ ಬೋರ್ಡಿನ 5 ವೋಲ್ಟ್ ಸೊನ್ನೆ ಆಗಿಬಿಡುವುದಿಲ್ಲ. ಕೆಪಾಸಿಟರ್‌ಗಳಲ್ಲಿ ತುಂಬಿಕೊಂಡಿದ್ದು ಖಾಲಿಯಾಗುತ್ತಾ 4.5, 4, 3, 2 ಎಂದು ಇಳಿಯುತ್ತದೆ. ಆನ್ ಮಾಡಿದಾಗಲೂ ಕೆಳಗಿನಿಂದ ಮೇಲಕ್ಕೆ ಹತ್ತಿಕೊಂಡೇ ಬರಬೇಕು. ಹೈದರಾಬಾದಿನ, ಚೆನ್ನೈನ ನಮ್ಮ ಆಫೀಸುಗಳಲ್ಲಿ ಯುಪಿಎಸ್ ಇದೆ, ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ. ಈ ಹತ್ತಿಳಿಯುವ ಆಟ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೊಲದಲ್ಲಿರುವ ಯಂತ್ರಕ್ಕೆ ಮಾತ್ರ ಅದು ದಿನನಿತ್ಯದ ಪಾಡು.

ನಾನು ಎಂಟೆಕ್ ಮುಗಿಸಿ ಪುಣೆಗೆ ಬಂದವನು. ಭೋಸರಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಸಾಫ್ಟ್‌ವೇರ್ ಎಂಜಿನಿಯರ್ ಅಂದರೆ ಮನೆಯವರು ಗಾಜಿನ ಕಟ್ಟಡ ಊಹಿಸಿಕೊಳ್ಳುತ್ತಾರೆ. ನನ್ನ ಮೇಜಿನ ಮೇಲೆ ಇರುವುದು ಸೋಲ್ಡರಿಂಗ್ ಐರನ್, ವೈರ್ ಚೂರುಗಳು, ಮೂಲೆಯಲ್ಲಿ ಒಂದು 5 ಎಚ್‌ಪಿ ಮೋಟಾರ್. ನಾವು ಬರೆಯುವ ಪ್ರೋಗ್ರಾಂ ಕೆಲವೇ ಕಿಲೋಬೈಟ್‌ನದು. ಅದು ಹೋಗಿ ಕೂರುವುದು ಮೊಬೈಲ್ ಸ್ಟಾರ್ಟರ್ ಡಬ್ಬಿಯೊಳಗೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪಕ್ಕ ಆ ಡಬ್ಬಿ ಕೂರಿಸಿ, ಒಂದು ಸಿಮ್ ಹಾಕಿ, ತಮ್ಮ ನಂಬರ್ ಅದರಲ್ಲಿ ತುಂಬಿಸಿದರೆ ರೈತರು ಮನೆಯಿಂದಲೇ ಫೋನ್ ಮಾಡಿ ಮೋಟಾರ್ ಚಾಲೂ ಮಾಡಬಹುದು, ನಿಲ್ಲಿಸಬಹುದು. ಉತ್ತರ ಕರ್ನಾಟಕದಲ್ಲಿ, ಮರಾಠವಾಡಾದಲ್ಲಿ ಇಂಥ ಡಬ್ಬಿಗಳು ಈಗ ಮಾಮೂಲು. ತ್ರೀಫೇಸ್ ಕರೆಂಟ್ ರಾತ್ರಿ ಎರಡಕ್ಕೆ ಬಂದರೆ ಟಾರ್ಚ್ ಹಿಡಿದು ಹಾವು-ಚೇಳುಗಳ ನಡುವೆ ಹೊಲಕ್ಕೆ ನಡೆಯುವುದು ತಪ್ಪುತ್ತದೆ. ಇದೇ ಅದರ ಒಟ್ಟು ಉಪಕಾರ, ಮತ್ತು ಅದು ಸಣ್ಣ ಉಪಕಾರವಲ್ಲ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಡಬ್ಬಿಯ ಹಳೆಯ ಮಾದರಿ ಕೆಲವು ವರ್ಷಗಳಿಂದ ಮಾರಾಟದಲ್ಲಿತ್ತು. ಗದಗ ಜಿಲ್ಲೆಯ ರೋಣದ ಕಡೆ ನಮ್ಮ ಕಾಕಾನ ಹೊಲದಲ್ಲೂ ಒಂದು ಕೂತಿತ್ತು. ಮುಂಗಾರು ಶುರುವಾಗುವ ಮೊದಲಿನ ಗಾಳಿ-ಗುಡುಗಿನ ದಿನಗಳಲ್ಲಿ ಕಾಕಾನ ಫೋನು ಬಂತು.

‘ಏನಪಾ ತಮ್ಮಾ, ನಿಮ್ಮ ಪುಣೆದ ಡಬ್ಬಿ ನನ್ನ ನಂಬರ್ ಮರತೈತಿ ನೋಡ.’

‘ಮರತೈತಿ ಅಂದ್ರ?’

‘ಫೋನ್ ಹಚ್ಚಿದ್ರ ಎತ್ತಂಗಿಲ್ಲ. ನಿನ್ನಿತನ ಚಲೋ ಇತ್ತು. ಮೇನ್ ತಗದು ಹಾಕಿದೆ, ಆದ್ರೂ ಇಲ್ಲ. ಮತ್ತ ಹೊಸದಾಗಿ ನಂಬರ್ ತುಂಬಿದ ಮ್ಯಾಲ ಚಾಲೂ ಆತು.’

ಇದು ಒಬ್ಬ ಕಾಕಾನ ದೂರಲ್ಲ ಎಂದು ಸರ್ವೀಸ್ ವಿಭಾಗದ ರಿಜಿಸ್ಟರ್ ನೋಡಿದಾಗ ಗೊತ್ತಾಯಿತು. ನಂಬರ್ ಅಳಿಸಿಹೋಗಿದೆ, ಡಬ್ಬಿ ಹ್ಯಾಂಗ್ ಆಗಿದೆ, ರಿಲೇ ಸುಮ್ಮನೆ ಕಟಕಟ ಅನ್ನುತ್ತದೆ. ಎಲ್ಲದರ ಮುಂದೆಯೂ ಒಂದೇ ಷರಾ: ‘ಸಾಫ್ಟ್‌ವೇರ್ ಪ್ರಾಬ್ಲಮ್’. ಕಾರಣ ಸಿಗದ ಕಾಯಿಲೆಗೆಲ್ಲ ವೈರಲ್ ಎನ್ನುವ ಹಾಗೆ, ಕಾರಣ ಸಿಗದ ದೋಷಕ್ಕೆಲ್ಲ ಸಾಫ್ಟ್‌ವೇರ್. ಕೋಡನ್ನು ಸಾಲುಸಾಲು ಓದಿದೆವು. ಪುಣೆಯ ಲ್ಯಾಬಿನಲ್ಲಿ ನೂರಾರು ಸಲ ಸ್ವಿಚ್ ಹಾಕಿ ತೆಗೆದೆವು. ಡಬ್ಬಿಗೆ ಏನೂ ಆಗಲಿಲ್ಲ.

ಸುಳಿವು ಕೊಟ್ಟವನು ನಮ್ಮ ಟೆಸ್ಟಿಂಗ್ ವಿಭಾಗದ ಹುಡುಗ. ಅಕ್ಕಲಕೋಟೆ ಕಡೆಯವನು, ಮನೆಮಾತು ಕನ್ನಡ. ಭೋಸರಿಯಲ್ಲಿ ನಾವಿಬ್ಬರೇ ಕನ್ನಡದಲ್ಲಿ ಜಗಳಾಡುವುದು. ‘ಸರ್, ನಮ್ಮೂರಾಗ ಕರೆಂಟ್ ಹಿಂಗ ಟಕ್ ಅಂತ ಹೋಗಂಗಿಲ್ರಿ. ಬಲ್ಬ್ ಕೆಂಪಗ ಆಗಿ, ಮಿಣಮಿಣ ಅಂದು, ಆಮ್ಯಾಲ ಹೋಗತೈತ್ರಿ’ ಎಂದ. ಮೂಲೆಯಲ್ಲಿದ್ದ ಡಿಮ್ಮರ್‌ಸ್ಟಾಟ್ ಎಳೆದು ತಂದ. ಹಿಡಿಕೆ ತಿರುಗಿಸಿ ಮೇನ್ಸ್ ವೋಲ್ಟೇಜನ್ನು ಬೇಕಾದಷ್ಟಕ್ಕೆ ಇಳಿಸುವ, ಏರಿಸುವ ಸಾಧನ ಅದು. ಡಬ್ಬಿಯನ್ನು ಅದಕ್ಕೆ ಜೋಡಿಸಿ 230ರಿಂದ ನಿಧಾನವಾಗಿ 110ಕ್ಕೆ ಇಳಿಸಿ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ಏರಿಸಿದ. ಮೂರು-ನಾಲ್ಕನೆಯ ಸುತ್ತಿಗೆ ಡಬ್ಬಿ ತನ್ನ ಯಜಮಾನನ ನಂಬರ್ ಮರೆತಿತ್ತು.

ಲೋ ವೋಲ್ಟೇಜ್ ಎಂಬ ನಡುನೀರು

ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಕರೆಂಟ್ ಹೋದರೆ ಮೋಟಾರಿಗೆ ಏನೂ ಆಗುವುದಿಲ್ಲ, ಲೋ ವೋಲ್ಟೇಜ್ ಬಂದರೆ ಕಾಯಿಲ್ ಸುಡುತ್ತದೆ. ಮೈಕ್ರೊಪ್ರೊಸೆಸರಿಗೂ ಇದೇ ನ್ಯಾಯ, ಸುಡುವುದಿಲ್ಲ ಅಷ್ಟೆ; ಬುದ್ಧಿ ತಪ್ಪುತ್ತದೆ.

ನಮ್ಮ ಹಳೆಯ ಡಬ್ಬಿಯಲ್ಲಿದ್ದದ್ದು 8051 ವಂಶದ ಎಟಿ89ಎಸ್52 ಎಂಬ ಚಿಪ್. ಎಂಜಿನಿಯರಿಂಗ್ ಓದಿದವರಿಗೆ 8051 ಬೇಡವೆಂದರೂ ನೆನಪಿರುತ್ತದೆ. ಈ ಚಿಪ್ ಸರಿಯಾಗಿ ಕೆಲಸ ಮಾಡುವ ಖಾತರಿ ಇರುವುದು 4 ವೋಲ್ಟಿನಿಂದ 5.5 ವೋಲ್ಟಿನ ಒಳಗೆ. 4ಕ್ಕಿಂತ ಕೆಳಗೆ ಹೋದರೆ ಅದು ಸಾಯುವುದಿಲ್ಲ. ಒಳಗಿನ ಟ್ರಾನ್ಸಿಸ್ಟರ್‌ಗಳು ನಿಧಾನವಾಗುತ್ತವೆ, ಗಡಿಯಾರದ ಮಿಡಿತ ಮಾತ್ರ ಅದೇ ವೇಗದಲ್ಲಿ ಬರುತ್ತಿರುತ್ತದೆ. ಒಂದು ಲೆಕ್ಕ ಮುಗಿಯುವ ಮೊದಲೇ ಮುಂದಿನ ಮಿಡಿತ. ನೆನಪಿನಿಂದ ಓದಿದ ಸೂಚನೆಯಲ್ಲಿ ಒಂದು ಬಿಟ್ ಅದಲುಬದಲಾದರೆ ‘ಕೂಡು’ ಎಂಬುದು ‘ಹಾರು’ ಎಂದಾಗಬಹುದು. ಪ್ರೋಗ್ರಾಂ ತನ್ನ ಸಾಲು ಬಿಟ್ಟು ಎಲ್ಲಿಗೋ ಹೋಗಿ ಬೀಳುತ್ತದೆ. ಬಿದ್ದ ಜಾಗ ‘ನಂಬರ್ ಬರೆದಿಡು’ ಎಂಬ ಭಾಗದ ನಡುಮಧ್ಯವಾಗಿದ್ದರೆ, ಆ ಹೊತ್ತಿಗೆ ಕೈಯಲ್ಲಿರುವ ಕಸವನ್ನೇ ಬರೆದಿಡುತ್ತದೆ.

ಬರೆಸಿಕೊಳ್ಳುವುದು ಪಕ್ಕದಲ್ಲೇ ಇರುವ 24ಸಿ02 ಎಂಬ ಇನ್ನೊಂದು ಪುಟ್ಟ ಚಿಪ್, ಕರೆಂಟ್ ಹೋದರೂ ಮರೆಯದ ಇಇಪ್ರಾಮ್. ನಮ್ಮ ಬೋರ್ಡಿನಲ್ಲಿದ್ದದ್ದು 2.7 ವೋಲ್ಟ್‌ವರೆಗೂ ಕೆಲಸ ಮಾಡುವ ಮಾದರಿ. ಇಲ್ಲೇ ಇರುವುದು ತಮಾಷೆ. 3 ವೋಲ್ಟ್ ಇದ್ದಾಗ ಯಜಮಾನನಿಗೆ ತಲೆ ತಿರುಗಿದೆ, ಗುಮಾಸ್ತ ಮಾತ್ರ ಪೂರ್ತಿ ಎಚ್ಚರದಲ್ಲಿದ್ದಾನೆ. ಹೇಳಿದ್ದನ್ನೆಲ್ಲ ವಿಧೇಯನಾಗಿ ಬರೆದುಕೊಳ್ಳುತ್ತಾನೆ. ಇಇಪ್ರಾಮ್ ಕಡಿಮೆ ವೋಲ್ಟೇಜಿಗೂ ನಡೆಯುತ್ತದೆ ಎಂದು ಹೆಮ್ಮೆಯಿಂದ ಆರಿಸಿದ ಗುಣವೇ ಮುಳುವಾಗಿತ್ತು.

ಈ 3 ವೋಲ್ಟ್ ಎಲ್ಲಿಂದ ಬರುತ್ತದೆ? 230 ವೋಲ್ಟನ್ನು 9ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಆಮೇಲೆ ಡಯೋಡ್‌ಗಳು, ಕೆಪಾಸಿಟರ್, ಕೊನೆಗೆ 7805 ರೆಗ್ಯುಲೇಟರ್: ಅಗ್ಗದ ಬೋರ್ಡುಗಳೆಲ್ಲದರ ಸರಪಳಿ ಇದೇ. 7805ಗೆ ತನ್ನ 5 ವೋಲ್ಟ್ ಕೊಡಲು ಸುಮಾರು 7 ವೋಲ್ಟ್ ಬೇಕು. ಮೇನ್ಸ್ 110-120ಕ್ಕೆ ಇಳಿದರೆ ಅದರ ಬಾಯಿಗೆ ಸಿಗುವುದೇ 5ರ ಆಸುಪಾಸು, ಹೊರಗೆ ಬರುವುದು ಸುಮಾರು 3.

ಮೇನ್ಸ್ ಅಷ್ಟು ಇಳಿಯುತ್ತದೆಯೇ ಎಂದು ಮುಂಬಯಿಯಲ್ಲಿ ಕೂತವರು ಕೇಳಬಹುದು. ತ್ರೀಫೇಸ್ ಬರುವ ಕ್ಷಣವನ್ನು ಕಲ್ಪಿಸಿಕೊಳ್ಳಿ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ಗಂಟೆ ಎನ್ನುವುದು ಲೆಕ್ಕ. ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆಗುವ ಆಟೊ ಸ್ಟಾರ್ಟರನ್ನು ಬಹಳ ಮಂದಿ ಹಾಕಿಸಿರುತ್ತಾರೆ. ಒಂದು ಟಿಸಿಯ ಕೆಳಗಿನ ಮೋಟಾರುಗಳೆಲ್ಲ ಒಟ್ಟಿಗೆ ಏಳಲು ನೋಡುತ್ತವೆ. ನೇರ ಲೈನಿಗೆ ಜೋಡಿಸಿದ ಮೋಟಾರ್ ಏಳುವಾಗ ತನ್ನ ಮಾಮೂಲಿನ ಸುಮಾರು ಆರು ಪಟ್ಟು ಕರೆಂಟ್ ಎಳೆಯುತ್ತದೆ. ಬಂದ ವೋಲ್ಟೇಜ್ ಕುಸಿಯುತ್ತದೆ, ಒಂದೊಂದೇ ಮೋಟಾರ್ ವೇಗ ಹಿಡಿದ ಹಾಗೆ ತೆವಳುತ್ತಾ ಮೇಲೆ ಬರುತ್ತದೆ. ನಮ್ಮ ಡಬ್ಬಿ ಕಣ್ಣು ಬಿಡಬೇಕಾದದ್ದು ಇದೇ ಗದ್ದಲದಲ್ಲಿ.

ಅದು ಸಾಲದು ಎಂಬಂತೆ ಡಬ್ಬಿಯೊಳಗೇ ಒಬ್ಬ ಹಿತಶತ್ರು ಇದ್ದಾನೆ, ಜಿಎಸ್‌ಎಂ ಮಾಡ್ಯೂಲ್. ಹಳೆಯ ಮೊಬೈಲನ್ನು ರೇಡಿಯೊ ಪಕ್ಕ ಇಟ್ಟಾಗ, ಕರೆ ಬರುವ ಮೊದಲೇ ‘ಟಿಟಿಟ್ ಟಿಟಿಟ್’ ಎಂಬ ಸದ್ದು ಕೇಳುತ್ತಿದ್ದದ್ದು ನೆನಪಿದೆಯೇ? ಜಿಎಸ್‌ಎಂ ಒಂದೇ ಸಮನೆ ಮಾತಾಡುವುದಿಲ್ಲ, ಸುಮಾರು 4.6 ಮಿಲಿಸೆಕೆಂಡಿಗೊಮ್ಮೆ, 577 ಮೈಕ್ರೊಸೆಕೆಂಡುಗಳ ಕಾಲ ಕೂಗಿ ಸುಮ್ಮನಾಗುತ್ತದೆ. ಸಿಗ್ನಲ್ ಕ್ಷೀಣವಾಗಿರುವ ಕಡೆ ಆ ಪ್ರತಿ ಕೂಗಿಗೂ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಟವರ್ ದೂರವಿರುವ ಹೊಲದಲ್ಲಿ ಕೂಗು ಜೋರೇ. ಪ್ರೊಸೆಸರಿಗೂ ಅದಕ್ಕೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟಿದ್ದರೆ, ಅವನ ಪ್ರತಿ ಕೂಗಿಗೆ ಇವನ ಅನ್ನ ಕಡಿಮೆ.

ಷರತ್ತು ಬಿಟ್ಟು ನಕಲು ಮಾಡಿದ ಸರ್ಕ್ಯೂಟ್

ಹಾಗಾದರೆ ಇಷ್ಟು ವರ್ಷ ಬೋರ್ಡುಗಳನ್ನು ಯಾರು ರಿಸೆಟ್ ಮಾಡುತ್ತಿದ್ದರು? ಒಂದು ಕೆಪಾಸಿಟರ್, ಒಂದು ರೆಸಿಸ್ಟರ್. 10 ಮೈಕ್ರೊಫ್ಯಾರಡ್, 8.2 ಕಿಲೋಓಮ್. ನಮ್ಮ ಕಾಲೇಜಿನ ಲ್ಯಾಬ್ ಪುಸ್ತಕದಲ್ಲಿ ಇತ್ತು, ಮೊದಲ ಪ್ರಾಜೆಕ್ಟಿನಲ್ಲಿ ಇತ್ತು, ಭೋಸರಿಯ ಡಬ್ಬಿಯಲ್ಲೂ ಇತ್ತು. ಕರೆಂಟ್ ಬಂದಾಗ ಖಾಲಿ ಕೆಪಾಸಿಟರ್ ಮೂಲಕ ರಿಸೆಟ್ ಪಿನ್ ಒಮ್ಮೆ ಮೇಲೆ ಹಾರಿ, ಕೆಪಾಸಿಟರ್ ತುಂಬಿದ ಹಾಗೆ ಕೆಳಗಿಳಿಯುತ್ತದೆ. ಆ ನಡುವಿನ ಹೊತ್ತಿನಲ್ಲಿ ಪ್ರೊಸೆಸರ್ ತನ್ನನ್ನು ತಾನು ಸಜ್ಜುಗೊಳಿಸಿಕೊಂಡು ಮೊದಲ ಸಾಲಿನಿಂದ ಕೆಲಸ ಶುರು ಮಾಡುತ್ತದೆ.

ಇದರ ಮೂಲ ಇಂಟೆಲ್‌ನ 8051 ಕೈಪಿಡಿ. ಅಲ್ಲಿ ಈ ಎರಡು ಬೆಲೆಗಳ ಜತೆಗೇ ಷರತ್ತೂ ಇದೆ: ವಿದ್ಯುತ್ ಸೊನ್ನೆಯಿಂದ ಏರಲು 1 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು, ಆಸಿಲೇಟರ್ ಕುದುರಿಕೊಳ್ಳಲು 10 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ನಾನು ಓದಿದ ಲ್ಯಾಬ್ ಪುಸ್ತಕಕ್ಕೆ ಸರ್ಕ್ಯೂಟ್ ಬಂದಿತ್ತು, ಷರತ್ತು ಬಂದಿರಲಿಲ್ಲ.

ಷರತ್ತು ಮೀರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಬಹುದು. ತೆವಳುವ ಕರೆಂಟಿನಿಂದಾಗಿ ಬೋರ್ಡಿನ 5 ವೋಲ್ಟ್ ಮೇಲೆ ಬರಲು 300 ಮಿಲಿಸೆಕೆಂಡ್ ತೆಗೆದುಕೊಂಡಿತು ಎನ್ನಿ. ವೋಲ್ಟೇಜ್ ಏರುತ್ತಿರುವಾಗಲೇ ಕೆಪಾಸಿಟರ್ ಕೂಡ ತುಂಬಿಕೊಳ್ಳುತ್ತಿರುತ್ತದೆ, ಹೀಗಾಗಿ ರಿಸೆಟ್ ಪಿನ್ ಎಷ್ಟೇ ಏರಿದರೂ 1.3 ವೋಲ್ಟ್ ದಾಟುವುದಿಲ್ಲ. ರಿಸೆಟ್ ಎಂದು ಚಿಪ್ ಗುರುತಿಸಬೇಕಾದರೆ 3.5 ಬೇಕು. ಅಂದರೆ ರಿಸೆಟ್ ಆಗಲೇ ಇಲ್ಲ. ಒಳಗಿನ ರಿಜಿಸ್ಟರುಗಳಲ್ಲಿ ಏನು ಕಸ ಇದೆಯೋ ಅದರೊಂದಿಗೇ ಪ್ರೊಸೆಸರ್ ಓಟ ಶುರು ಮಾಡಿತು.

ಇನ್ನು ಪೂರ್ತಿ ಹೋಗದೆ, 5ರಿಂದ 3ಕ್ಕೆ ಇಳಿದು ಮತ್ತೆ 5ಕ್ಕೆ ಬಂದರೆ? ಮೇಲೇರಿದ್ದು 2 ವೋಲ್ಟ್ ಮಾತ್ರ, ಕೆಪಾಸಿಟರ್ ದಾಟಿಸಬಲ್ಲದ್ದೂ ಹೆಚ್ಚುಕಡಿಮೆ ಅಷ್ಟೇ. 3.5 ಮುಟ್ಟುವ ಮಾತೇ ಇಲ್ಲ. ಲ್ಯಾಬಿನಲ್ಲಿ ನಾವು ನೂರಾರು ಸಲ ಹಾಕಿ ತೆಗೆದ ಸ್ವಿಚ್ಚು ಈ ಸರ್ಕ್ಯೂಟಿಗೆ ಅತ್ಯಂತ ಅನುಕೂಲದ ಪರೀಕ್ಷೆಯಾಗಿತ್ತು. ಅದು ಪಾಸಾಗದೆ ಇನ್ನೇನು?

ಮೂರು ಕಾಲಿನ ಕಾವಲುಗಾರ

ಇದಕ್ಕೆ ಪರಿಹಾರ ದಶಕಗಳಿಂದಲೂ ಮಾರುಕಟ್ಟೆಯಲ್ಲಿದೆ. ವೋಲ್ಟೇಜ್ ಸೂಪರ್‌ವೈಸರ್ ಎನ್ನುತ್ತಾರೆ, ರಿಸೆಟ್ ಐಸಿ ಎಂದೂ ಕರೆಯುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಲ್7705, ಡಲ್ಲಾಸ್ ಸೆಮಿಕಂಡಕ್ಟರ್‌ನ ಡಿಎಸ್1232, ಮ್ಯಾಕ್ಸಿಂನ ಮ್ಯಾಕ್ಸ್ 809, ಹೀಗೆ. ಡಲ್ಲಾಸನ್ನು 2001ರಲ್ಲಿ ಮ್ಯಾಕ್ಸಿಂ ಕೊಂಡಿತು, ಮ್ಯಾಕ್ಸಿಂ ಅನ್ನು 2021ರಲ್ಲಿ ಅನಲಾಗ್ ಡಿವೈಸಸ್ ಕೊಂಡಿತು. ಕಂಪನಿಗಳು ಒಂದನ್ನೊಂದು ನುಂಗಿದರೂ 809 ಎಂಬ ಸಂಖ್ಯೆ ಮಾತ್ರ ಉಳಿದಿದೆ. ಈಗ ಹಲವು ಕಂಪನಿಗಳು ಅದೇ ಸಂಖ್ಯೆಯಲ್ಲಿ ಅದೇ ಚಿಪ್ ಮಾಡುತ್ತವೆ.

809ಕ್ಕೆ ಮೂರೇ ಕಾಲು: ವಿದ್ಯುತ್, ಗ್ರೌಂಡ್, ರಿಸೆಟ್. ಅಕ್ಕಿ ಕಾಳಿನಷ್ಟು ಗಾತ್ರ. ಒಳಗೆ ಮುಖ್ಯವಾಗಿ ಮೂರು ಸಂಗತಿಗಳಿವೆ. ಮೊದಲನೆಯದು ಸುಮಾರು 1.2 ವೋಲ್ಟಿನ ಒಂದು ಅಳತೆಗೋಲು. ಹೊರಗಿನ ವಿದ್ಯುತ್ ಏರಿಳಿದರೂ, ಬಿಸಿಲಾದರೂ ಚಳಿಯಾದರೂ ಇದು ಹೆಚ್ಚುಕಡಿಮೆ ಅಲುಗುವುದಿಲ್ಲ. ಅಳೆಯುವ ಕೋಲೇ ಕುಗ್ಗಿದರೆ ಬಟ್ಟೆ ಕಡಿಮೆಯಾಗಿದೆ ಎಂದು ತಿಳಿಯುವುದು ಹೇಗೆ? ಎರಡನೆಯದು ಬೋರ್ಡಿನ ವೋಲ್ಟೇಜನ್ನು ಆ ಕೋಲಿನೊಂದಿಗೆ ಹೋಲಿಸುವ ಕಂಪ್ಯಾರೇಟರ್. ಮೂರನೆಯದು ಟೈಮರ್.

ವೋಲ್ಟೇಜ್ ನಿಗದಿತ ಗೆರೆಗಿಂತ ಕೆಳಗೆ ಬಂದ ತಕ್ಷಣ ಈ ಚಿಪ್ ಪ್ರೊಸೆಸರನ್ನು ರಿಸೆಟ್‌ನಲ್ಲಿ ಹಿಡಿದುಬಿಡುತ್ತದೆ. ಪ್ರೊಸೆಸರಿಗೆ ಕೈಕಾಲು ಆಡಿಸಲು ಬಿಡುವುದಿಲ್ಲ. ಬೋರ್ಡಿನ ವಿದ್ಯುತ್ 1 ವೋಲ್ಟಿಗೆ ಇಳಿದರೂ 809 ತನ್ನ ಹಿಡಿತ ಸಡಿಲಿಸುವುದಿಲ್ಲ. ಆ ಹೊತ್ತಿಗೆ ಉಳಿದ ಚಿಪ್‌ಗಳೆಲ್ಲ ಮಲಗಿರುತ್ತವೆ. ಕರೆಂಟ್ ಮರಳಿ ಗೆರೆ ದಾಟಿದರೂ ಕೂಡಲೇ ಬಿಡುವುದಿಲ್ಲ. ಕನಿಷ್ಠ 140 ಮಿಲಿಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಮತ್ತೆ ಕುಸಿದರೆ ಎಣಿಕೆ ಮೊದಲಿನಿಂದ. ತೆವಳಿ ಬರುವ ಕರೆಂಟಾಗಲಿ, ನೆಗೆದು ಬರುವ ಕರೆಂಟಾಗಲಿ ಅದಕ್ಕೆ ವ್ಯತ್ಯಾಸವಿಲ್ಲ. ಅದು ವೇಗವನ್ನು ನೋಡುವುದಿಲ್ಲ, ಮಟ್ಟವನ್ನು ನೋಡುತ್ತದೆ. ಕೆಪಾಸಿಟರ್-ರೆಸಿಸ್ಟರ್ ಜೋಡಿಗೂ ಇದಕ್ಕೂ ಇರುವ ಅಂತರವೆಲ್ಲ ಇಷ್ಟೇ.

ಇದನ್ನು ಕಾಕಾನಿಗೆ ಫೋನಿನಲ್ಲಿ ವಿವರಿಸಲು ಹೊರಟಾಗ ಅವನೇ ನನ್ನ ಮಾತು ತಡೆದ. ‘ಅಂದ್ರ ಸ್ಟಾರ್ಟರ್‌ನಾಗಿನ ನೋ-ವೋಲ್ಟ್ ಕಾಯಿಲ್ ಇದ್ದಂಗ ಅಲ್ಲೇನಪಾ?’ ನಾನು ಒಂದು ಕ್ಷಣ ಸುಮ್ಮನಾದೆ. ಹೌದಲ್ಲ! ಮೋಟಾರ್ ಸ್ಟಾರ್ಟರಿನಲ್ಲಿ ಹಸಿರು ಬಟನ್ ಒತ್ತಿದಾಗ ಕಾಂಟ್ಯಾಕ್ಟನ್ನು ಹಿಡಿದಿಟ್ಟುಕೊಳ್ಳುವುದು ಆ ಕಾಯಿಲ್. ವೋಲ್ಟೇಜ್ ತೀರಾ ಇಳಿದರೆ ಹಿಡಿತ ಬಿಟ್ಟು ಮೋಟಾರನ್ನು ಕಳಚುತ್ತದೆ. ಮೋಟಾರ್ ಸುಡದಂತೆ ಕಾಯುವ ಈ ಉಪಾಯ ಮೈಕ್ರೊಪ್ರೊಸೆಸರಿಗಿಂತ ಹಳೆಯದು. ಕಾಕಾನ ಸ್ಟಾರ್ಟರಿನಲ್ಲಿ ಮೊದಲಿನಿಂದಲೂ ಒಬ್ಬ ಸೂಪರ್‌ವೈಸರ್ ಇದ್ದ. ಅದರ ಪಕ್ಕ ಕೂತ ‘ಸ್ಮಾರ್ಟ್’ ಡಬ್ಬಿಗೇ ಇರಲಿಲ್ಲ.

ಚಿಪ್ ಹಾಕಿದರೆ ಸಾಕು, ಕೆಲಸ ಮುಗಿಯಿತು ಎಂದುಕೊಂಡರೆ ಅಲ್ಲೊಂದು ಬೇರೆ ಕಥೆ ಇದೆ. 809ರ ಹೆಸರಿನ ಕೊನೆಯ ಅಕ್ಷರವೇ ಗೆರೆ ಎಲ್ಲಿದೆ ಎಂದು ಹೇಳುತ್ತದೆ. ಎಲ್ ಅಂದರೆ 4.63 ವೋಲ್ಟ್, ಎಂ ಅಂದರೆ 4.38. 3.3 ವೋಲ್ಟಿನ ಬೋರ್ಡುಗಳಿಗೆ ಟಿ, ಎಸ್, ಆರ್: 3.08, 2.93, 2.63. ಅಂಗಡಿಯವನು ‘809 ತಾನೇ ಸಾರ್, ತಗೊಳ್ಳಿ’ ಎಂದು ಕೊಟ್ಟದ್ದನ್ನು ತಂದು ಬೆಸುಗೆ ಹಾಕುವ ಹಾಗಿಲ್ಲ. 5 ವೋಲ್ಟಿನ ಬೋರ್ಡಿಗೆ ಆರ್ ಹಾಕಿದರೆ ಕಾವಲುಗಾರ 2.63ರವರೆಗೂ ಗೊರಕೆ ಹೊಡೆಯುತ್ತಾನೆ. ಎಲ್ ಹಾಕಿದರೆ ಇನ್ನೊಂದು ಕಾಟ. 7805 ಕೊಡುವುದು 4.75ರಿಂದ 5.25ರ ನಡುವೆ ಏನಾದರೂ ಆಗಿರಬಹುದು. ಕೆಳಗಿನ ತುದಿಯಲ್ಲಿದ್ದ ಬೋರ್ಡಿನಲ್ಲಿ ಜಿಎಸ್‌ಎಂ ಕೂಗಿದಾಗಲೆಲ್ಲ 4.63ರ ಗೆರೆ ದಾಟಿ, ಫೋನ್ ಎತ್ತುವ ಹೊತ್ತಿಗೆ ಸರಿಯಾಗಿ ಡಬ್ಬಿ ರಿಸೆಟ್. ಕೆಲವೇ ಮೈಕ್ರೊಸೆಕೆಂಡಿನ ಸಣ್ಣ ಕುಳಿಗಳನ್ನು ಈ ಚಿಪ್ ಕಂಡೂ ಕಾಣದಂತೆ ಬಿಡುತ್ತದೆ, ಆದರೆ 577 ಮೈಕ್ರೊಸೆಕೆಂಡ್ ಸಣ್ಣದಲ್ಲ.

ನಾವು ಆರಿಸಿದ್ದು ಎಂ. ಬಿಸಿ-ಚಳಿಯ ಏರುಪೇರು ಸೇರಿಸಿದರೂ ಅದರ ಗೆರೆ 4.25ರಿಂದ 4.50ರ ಒಳಗೆ ಇರುತ್ತದೆ. ಮೇಲೆ 4.75, ಕೆಳಗೆ ಪ್ರೊಸೆಸರಿನ 4. ಎರಡು ಕಡೆಯೂ ಕಾಲು ವೋಲ್ಟ್ ಜಾಗ. ಜತೆಗೆ ಜಿಎಸ್‌ಎಂಗೆ ಬೇರೆ ರೆಗ್ಯುಲೇಟರ್, ಅದರ ಬುಡದಲ್ಲಿ ದೊಡ್ಡ ಕೆಪಾಸಿಟರ್. ಸೂಪರ್‌ವೈಸರ್ ಜ್ವರ ಎಷ್ಟಿದೆ ಎಂದು ಹೇಳುತ್ತದೆ, ಮದ್ದು ಕೊಡುವುದಿಲ್ಲ. ಇದನ್ನು ಮರೆತು ಚಿಪ್ ಹಾಕಿ ‘ಈಗ ಮೊದಲಿಗಿಂತ ಜಾಸ್ತಿ ರಿಸೆಟ್ ಆಗ್ತಿದೆ’ ಎಂದು ಅದನ್ನೇ ಕಿತ್ತೆಸೆದವರನ್ನೂ ನೋಡಿದ್ದೇನೆ.

8051 ವಂಶಕ್ಕೆ ಇನ್ನೊಂದು ವಿಚಿತ್ರ ಗುಣವಿದೆ. ಉಳಿದವರಲ್ಲಿ ಹೆಚ್ಚಿನವರಿಗೆ ರಿಸೆಟ್ ಪಿನ್ ಕೆಳಗೆಳೆದರೆ ರಿಸೆಟ್, ಇದಕ್ಕೆ ಮೇಲೆತ್ತಿದರೆ. ಹೀಗಾಗಿ 809 ಅಲ್ಲ, ಅದರ ತಿರುವುಮುರುವು ಜೋಡಿ 810 ಬೇಕು. ಅದಕ್ಕಿಂತ ಮುಖ್ಯವಾದದ್ದು, ರಿಸೆಟ್‌ನಲ್ಲಿದ್ದಾಗ ಇದರ ಪೋರ್ಟ್ ಪಿನ್ನುಗಳೆಲ್ಲ 1ಕ್ಕೆ ಹೋಗಿ ನಿಲ್ಲುತ್ತವೆ. ರಿಲೇಯನ್ನು 1 ಬಂದರೆ ಆನ್ ಆಗುವಂತೆ ಜೋಡಿಸಿದ್ದರೆ, ಸೂಪರ್‌ವೈಸರ್ ಪ್ರೊಸೆಸರನ್ನು ಹಿಡಿದಿಟ್ಟ ಅಷ್ಟೂ ಹೊತ್ತು ಮೋಟಾರಿಗೆ ‘ಏಳು’ ಎಂದು ಹೇಳುತ್ತಿರುತ್ತದೆ. ಬಾವಿಯ ಬಳಿ ಯಾರೋ ಬೆಲ್ಟಿಗೆ ಕೈ ಹಾಕಿ ನಿಂತಿರುವ ಹೊತ್ತಿಗೆ ಹಾಗಾದರೆ? ಸುರಕ್ಷತೆಗೆಂದು ಹಾಕಿದ ಚಿಪ್ಪೇ ಅಪಾಯ ತರಬಹುದು. ರಿಲೇ 0ಗೆ ಆನ್ ಆಗುವಂತೆ ಸರ್ಕ್ಯೂಟ್ ಬದಲಿಸಿದ ಮೇಲೆಯೇ 810 ಬೋರ್ಡಿಗೆ ಏರಿದ್ದು.

‘ವಾಚ್‌ಡಾಗ್ ಇದೆಯಲ್ಲ?’

ಸಾಫ್ಟ್‌ವೇರ್ ಗೆಳೆಯರ ಜತೆ ಈ ವಿಷಯ ಎತ್ತಿದರೆ ಬರುವ ಪ್ರಶ್ನೆ ಇದು. ಪ್ರೋಗ್ರಾಂ ಆಗಾಗ ‘ನಾನಿದ್ದೇನೆ’ ಎಂದು ತಟ್ಟದಿದ್ದರೆ ಚಿಪ್ಪನ್ನು ರಿಸೆಟ್ ಮಾಡುವ ಟೈಮರ್ ವಾಚ್‌ಡಾಗ್. ಒಳ್ಳೆಯ ನಾಯಿಯೇ. ಆದರೆ ಎಟಿ89ಎಸ್52ರಲ್ಲಿ ಅದು ಹುಟ್ಟಿನಿಂದ ಕಟ್ಟಿಹಾಕಿದ ನಾಯಿ. ಪ್ರೋಗ್ರಾಂ ಎದ್ದು ಎರಡು ನಿಗದಿತ ಸಂಖ್ಯೆ ಬರೆದರೆ ಮಾತ್ರ ಬಿಚ್ಚಿಕೊಳ್ಳುತ್ತದೆ. ರಿಸೆಟ್ ಸರಿಯಾಗಿ ಆಗದೆ ಪ್ರೋಗ್ರಾಂ ಆ ಸಾಲಿಗೇ ತಲುಪದಿದ್ದರೆ ನಾಯಿ ಕಟ್ಟಿಯೇ ಇರುತ್ತದೆ. ಬಿಚ್ಚಿದ್ದರೂ 3 ವೋಲ್ಟಿನಲ್ಲಿ ಯಜಮಾನನಿಗೆ ಬಂದ ಅಮಲು ಅದೇ ಚಿಪ್ಪಿನೊಳಗಿನ ನಾಯಿಗೂ ಬಂದಿರುತ್ತದೆ. ಮತ್ತೆ, ವಾಚ್‌ಡಾಗ್ ಬೊಗಳುವುದು ಕಳ್ಳತನ ಆದ ಮೇಲೆ. ಇಇಪ್ರಾಮ್‌ನಲ್ಲಿ ಕಸ ಬರೆದಾಗಿದ್ದರೆ ಆಮೇಲೆ ರಿಸೆಟ್ ಮಾಡಿ ಏನು ಪ್ರಯೋಜನ? ವಾಚ್‌ಡಾಗ್ ಬೇಡವೆನ್ನುತ್ತಿಲ್ಲ. ಡಿಎಸ್1232, ಮ್ಯಾಕ್ಸ್ 706ರಂಥವುಗಳಲ್ಲಿ ಎರಡೂ ಹೊರಗಡೆಯೇ ಒಟ್ಟಿಗೆ ಸಿಗುತ್ತವೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ ಎನ್ನುತ್ತಿದ್ದೇನೆ ಅಷ್ಟೆ.

706ರಲ್ಲಿ ಇನ್ನೊಂದು ಚೆಂದದ ಸೌಕರ್ಯವಿದೆ. ಅದರ ಒಂದು ಪಿನ್ನನ್ನು ರೆಗ್ಯುಲೇಟರಿನ ಹಿಂದಿನ ವೋಲ್ಟೇಜಿಗೆ ಜೋಡಿಸಿದರೆ, 5 ವೋಲ್ಟ್ ಇನ್ನೂ ಗಟ್ಟಿಯಾಗಿರುವಾಗಲೇ ‘ಕರೆಂಟ್ ಹೋಗ್ತಿದೆ’ ಎಂದು ಮುನ್ಸೂಚನೆ ಕೊಡುತ್ತದೆ. ಎಷ್ಟು ಹೊತ್ತು ಸಿಗುತ್ತದೆ? 1000 ಮೈಕ್ರೊಫ್ಯಾರಡ್ ಕೆಪಾಸಿಟರ್ 9ರಿಂದ 7 ವೋಲ್ಟಿಗೆ ಇಳಿಯುವವರೆಗೆ, ಬೋರ್ಡ್ 100 ಮಿಲಿಆಂಪಿಯರ್ ಎಳೆದರೆ, 20 ಮಿಲಿಸೆಕೆಂಡ್. ಇಇಪ್ರಾಮ್‌ಗೆ ಒಂದು ಸಲ ಬರೆಯಲು ಹಿಡಿಯುವುದು 5ರಿಂದ 10. ಮೋಟಾರ್ ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಬರೆದಿಟ್ಟು ಬಾಗಿಲು ಹಾಕಿಕೊಳ್ಳಲು ಅಷ್ಟು ಸಾಕು.

ಖರೀದಿ ವಿಭಾಗದ ಜತೆಗಿನ ಮಾತುಕತೆ ನೀವು ಊಹಿಸಬಲ್ಲಿರಿ. ಪೈಸೆಗಳಲ್ಲಿ ಬರುವ ಕೆಪಾಸಿಟರ್ ಜಾಗದಲ್ಲಿ ಒಂದು ಕಟಿಂಗ್ ಚಹಾದ ಬೆಲೆಯ ಚಿಪ್ ಯಾಕೆ, ವರ್ಷಕ್ಕೆ ಎಷ್ಟು ಸಾವಿರ ಬೋರ್ಡ್ ಗೊತ್ತೇ, ಇತ್ಯಾದಿ. ಅವರ ಲೆಕ್ಕ ತಪ್ಪಲ್ಲ, ಅರ್ಧ ಮಾತ್ರ. ಪುಣೆಯಿಂದ ಗದಗಿಗೆ ಸರ್ವೀಸ್ ಹುಡುಗ ಒಮ್ಮೆ ಹೋಗಿಬರುವ ಬಸ್ ಚಾರ್ಜಿನಲ್ಲಿ ಇಂಥ ನೂರರಷ್ಟು ಚಿಪ್ ಬರುತ್ತವೆ. ಆದರೆ ಆ ಖರ್ಚು ಬರುವುದು ಬೇರೆ ವಿಭಾಗದ ಪುಸ್ತಕದಲ್ಲಿ. ರಾತ್ರಿ ಹೊಲಕ್ಕೆ ನಡೆದವನ ಖರ್ಚು ಯಾರ ಪುಸ್ತಕದಲ್ಲೂ ಬರುವುದಿಲ್ಲ. ಕೊನೆಗೆ ಅವರನ್ನು ಒಪ್ಪಿಸಿದ್ದು ನನ್ನ ವಾದವಲ್ಲ, ಅಕ್ಕಲಕೋಟೆ ಹುಡುಗನ ಡಿಮ್ಮರ್‌ಸ್ಟಾಟ್. ಎರಡು ಡಬ್ಬಿ ಅಕ್ಕಪಕ್ಕ ಇಟ್ಟು ಹಿಡಿಕೆಯನ್ನು ಅವರ ಕೈಗೇ ಕೊಟ್ಟ.

ಈಗಿನ ಹೊಸ ಬೋರ್ಡಿನಲ್ಲಿ 8051 ಇಲ್ಲ, ಎಟಿಮೆಗಾ328ಪಿ ಇದೆ. ಮಕ್ಕಳು ಪ್ರಾಜೆಕ್ಟಿಗೆಂದು ಕೊಳ್ಳುವ ಆರ್ಡುಯಿನೊ ಉನೊದಲ್ಲಿರುವುದೂ ಅದೇ. ಇದರೊಳಗೇ ಬ್ರೌನ್-ಔಟ್ ಡಿಟೆಕ್ಟರ್ ಎಂಬ ಸೂಪರ್‌ವೈಸರ್ ಇದೆ, 1.8, 2.7, 4.3 ಎಂಬ ಮೂರು ಗೆರೆಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹಾಗಾದರೆ ಹೊರಗಿನ ಚಿಪ್ ಯಾಕೆ ಎಂದು ಕೇಳುತ್ತಾರೆ. ಕಾರ್ಖಾನೆಯಿಂದ ಬಿಡಿ ಚಿಪ್ ಬರುವಾಗ ಆ ಡಿಟೆಕ್ಟರ್ ಆಫ್ ಆಗಿರುತ್ತದೆ. ಫ್ಯೂಸ್ ಎಂಬ ಸೆಟ್ಟಿಂಗ್ ಬರೆದು ನಾವೇ ಆನ್ ಮಾಡಬೇಕು. ಉನೊ ಬೋರ್ಡಿನಲ್ಲಿ ಆನ್ ಇರುತ್ತದೆ, ಆದರೆ 2.7ಕ್ಕೆ. 16 ಮೆಗಾಹರ್ಟ್ಸ್ ವೇಗದಲ್ಲಿ ಓಡಲು ಈ ಚಿಪ್ಪಿಗೆ ಸುಮಾರು 3.8 ವೋಲ್ಟ್ ಬೇಕು. ಅಂದರೆ 3.8ರಿಂದ 2.7ರವರೆಗೆ ಅದೇ ನಡುನೀರು. ಮೇಜಿನ ಮೇಲಿನ ಪ್ರಾಜೆಕ್ಟಿಗೆ ಅಡ್ಡಿಯಿಲ್ಲ. ಹೊಲದಲ್ಲಿ ಮೋಟಾರ್ ಓಡಿಸುವ ಡಬ್ಬಿಗೆ ನಾನು ಒಳಗಿನದನ್ನು 4.3ಕ್ಕೆ ಇಟ್ಟು, ಹೊರಗಿನದನ್ನೂ ಹಾಕುತ್ತೇನೆ.

ಪ್ರೊಡಕ್ಷನ್ ಹಾಳೆಯಲ್ಲಿ ಫ್ಯೂಸ್ ಬರೆಯುವ ಸಾಲನ್ನು ಕೆಂಪಕ್ಷರದಲ್ಲಿ ಮಾಡಿಸಿದ್ದೇವೆ. ಬರೆದಾದ ಮೇಲೆ ಮರಳಿ ಓದಿ ತಾಳೆ ನೋಡಿದವರು ಸಹಿ ಹಾಕಬೇಕು, ಡಿಮ್ಮರ್‌ಸ್ಟಾಟ್ ಪರೀಕ್ಷೆಗೆ ಬೇರೆ ಸಹಿ. ಹಳೆಯ ಡಬ್ಬಿಗಳಿಗೆ ಒಂದು ಪುಟ್ಟ ತುಂಡು ಬೋರ್ಡ್ ಮಾಡಿದ್ದೇವೆ. 810 ಒಂದು, ರಿಲೇ ತಿರುವಿಗೆ ಒಂದು ಟ್ರಾನ್ಸಿಸ್ಟರ್, ನಾಲ್ಕೈದು ವೈರ್. ಹಳೆಯ ಕೆಪಾಸಿಟರ್ ಕಿತ್ತು ಆ ಜಾಗಕ್ಕೆ ಬೆಸೆಯಬೇಕು. ಸರ್ವೀಸ್ ಹುಡುಗರು ಜಿಲ್ಲೆಯಿಂದ ಜಿಲ್ಲೆಗೆ ಹೋಗುತ್ತಿದ್ದಾರೆ. ರೋಣದ ಕಡೆ ಮುಗಿದಿದೆ, ನರಗುಂದ, ನವಲಗುಂದದ ಸರದಿ ಇನ್ನೂ ಬಾಕಿ ಇದೆ.